ಸೂಜಿ ಕಂಡರೆ ಬವಳಿ ಬರುವ ಮಗನಿಗೆ

ಪ್ರೀತಿಯ ಮಗೂ,

ರಕ್ತಪರೀಕ್ಷೆಗೆ ಹೆದರಿ, ಕೆಲಸಕ್ಕೆ ಸೇರುವ ಮುಂಚಿನ ಮೆಡಿಕಲ್ ಚೆಕಪ್ಪನ್ನೇ ಮುಂದೂಡುತ್ತಿದ್ದೀಯಂತೆ. ನಿನ್ನಂಥವರು ಬಹಳ ಮಂದಿ ಇದ್ದಾರೆ. ಅವರೂ ಓದಲಿ ಎಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನರ್ಸಾಗಿ ಬಹಳ ವರ್ಷ ರಕ್ತ ತೆಗೆದವಳು ನಾನು. ಮೂಟೆ ಹೊರುವ ಗಟ್ಟಿ ಆಳುಗಳೂ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಸ್ಪಿರಿಟ್ ಹತ್ತಿ ಸವರುವಷ್ಟರಲ್ಲಿ ತುಟಿ ಬಿಳಿಚಿಕೊಂಡು, ಹಣೆಯ ಮೇಲೆ ತಣ್ಣನೆ ಬೆವರೊಡೆದು, ಕುರ್ಚಿಯಿಂದ ಜಾರಿದ್ದನ್ನು ಕಂಡಿದ್ದೇನೆ. ಇದನ್ನು ಪುಕ್ಕಲುತನ ಎನ್ನುವವರಿಗೆ ವಿಷಯ ಗೊತ್ತಿಲ್ಲ. ನಾಯಿಗೋ ಎತ್ತರಕ್ಕೋ ಹೆದರಿದಾಗ ರಕ್ತದೊತ್ತಡ ಏರುತ್ತದೆ. ಅಂಥವರು ಎಚ್ಚರ ತಪ್ಪುವುದು ಅಪರೂಪ. ರಕ್ತದ ಭಯ, ಸೂಜಿಯ ಭಯದಲ್ಲಿ ಮಾತ್ರ ಮೊದಲು ಏರಿದ ಒತ್ತಡ ಥಟ್ಟನೆ ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ, ಮಿದುಳಿಗೆ ರಕ್ತ ಸಾಲದೆ ಬವಳಿ ಬರುತ್ತದೆ. ಇದು ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಹರಿದು ಬರುತ್ತದೆ.

ಆದರೆ ಒಂದು ಮಾತು ಖಂಡಿತ. ಭಯ ಹೋದ ಮೇಲೆ ಹೋಗುತ್ತೇನೆ ಎಂದು ಕಾಯಬೇಡ. ಹೋದರೇನೇ ಭಯ ಹೋಗುವುದು. ಲ್ಯಾಬಿನ ಬಾಗಿಲಿನಿಂದ ವಾಪಸು ಬಂದಾಗ ಜೀವಕ್ಕೆ ಹಾಯೆನಿಸುತ್ತದಲ್ಲ, ಆ ಹಾಯೇ ಭಯಕ್ಕೆ ಮೇವು. ಸೂಜಿ ಚುಚ್ಚಿದರೆ ನಿಜಕ್ಕೂ ಏನಾಗುತ್ತದೆ ಎಂದು ತಿಳಿಯುವ ಅವಕಾಶವನ್ನೇ ಅದು ಮನಸ್ಸಿಗೆ ಕೊಡುವುದಿಲ್ಲ.

ಹೆದರಿಸುವುದನ್ನೇ ಮೆಲ್ಲಮೆಲ್ಲಗೆ ಎದುರಿಸುವ ಈ ಚಿಕಿತ್ಸೆಗೆ ಎಕ್ಸ್‌ಪೋಷರ್ ಥೆರಪಿ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಕಥೆಯನ್ನು 1924ರಲ್ಲೇ ಬರೆದಿದ್ದರು. ಹುಡುಗ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ಸ್ವಲ್ಪಸ್ವಲ್ಪವೇ ಹತ್ತಿರ ತರುತ್ತ ಹೋದರು. ಕೊನೆಗೆ ಅವನು ಅದನ್ನು ತಾನೇ ಮುಟ್ಟಿ ಆಡಿಸಿದ. ಬಲವಂತದಿಂದ ಮೊಲವನ್ನು ಮಡಿಲಿಗೆ ಹಾಕಲಿಲ್ಲ ಎಂಬುದನ್ನು ಗಮನಿಸು. ನಿನ್ನನ್ನೂ ಯಾರೋ ನಾಲ್ವರು ಹಿಡಿದುಕೊಂಡು ಚುಚ್ಚಿಸಿದರೆ ಅದು ಚಿಕಿತ್ಸೆಯಲ್ಲ.

ಒಂದು ಹಾಳೆ ತೆಗೆದುಕೊಂಡು ಮೆಟ್ಟಿಲುಗಳನ್ನು ಬರೆ. ಸಿರಿಂಜಿನ ಚಿತ್ರ ನೋಡುವುದು, ರಕ್ತ ತೆಗೆಯುವ ವಿಡಿಯೋ ನೋಡುವುದು, ಸೂಜಿಯಿಲ್ಲದ ಸಿರಿಂಜನ್ನು ಕೈಯಲ್ಲಿ ಹಿಡಿಯುವುದು, ಲ್ಯಾಬಿನಲ್ಲಿ ಸುಮ್ಮನೆ ಕೂತು ಬರುವುದು, ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳುವುದು, ಬೆರಳ ತುದಿಗೆ ಚುಚ್ಚಿಸಿಕೊಳ್ಳುವುದು, ಕೊನೆಗೆ ರಕ್ತ ಕೊಡುವುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರೊಳಗೆ ಭಯದ ಅಂಕ ಹಾಕಿ, ಕಡಿಮೆ ಇರುವಲ್ಲಿಂದ ಶುರು ಮಾಡು. ಏನಾಗಿಬಿಡುತ್ತದೆ ಎಂದು ಹೆದರಿದ್ದೀಯೋ ಅದನ್ನು ಮೊದಲು ಬರೆದಿಡು, ನಿಜಕ್ಕೂ ಏನಾಯಿತು ಎಂದು ಆಮೇಲೆ ಬರೆ. ನಡುವೆ ಎದ್ದು ಓಡಬೇಡ. ಒಂದೇ ಮೆಟ್ಟಿಲನ್ನು ಬೇರೆಬೇರೆ ದಿನ, ಬೇರೆಬೇರೆ ಜಾಗದಲ್ಲಿ ಮತ್ತೆಮತ್ತೆ ಹತ್ತು.

ನಿನಗೆ ಬವಳಿ ಬರುವುದರಿಂದ ಇನ್ನೊಂದು ವಿದ್ಯೆಯೂ ಬೇಕು. ಎಲ್ಲರೂ "ಮೈ ಸಡಿಲ ಬಿಡು" ಎನ್ನುತ್ತಾರೆ. ಒತ್ತಡ ಕುಸಿದು ಬೀಳುವವರಿಗೆ ಅದು ಸಲ್ಲದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನೇ ರೂಪಿಸಿದರು. ಕೈ, ಕಾಲು, ಎದೆಯ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ, ಅಂದರೆ 10-15 ಸೆಕೆಂಡು ಬಿಗಿಹಿಡಿ. ಆಮೇಲೆ ಬಿಗಿ ಬಿಟ್ಟು, 20-30 ಸೆಕೆಂಡು ಮಾಮೂಲಾಗಿ ಕೂತಿರು. ಹೀಗೆ ಐದು ಸಲ. ಇದರಿಂದ ರಕ್ತದೊತ್ತಡ ಏರಿ ಬವಳಿ ತಪ್ಪುತ್ತದೆ. ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗು. ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡು. ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಒಬ್ಬನಿಂದಾಗದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಿಂಗಳುಗಳ ಮೇಲೆ ಭಯ ಮತ್ತೆ ತಲೆಯೆತ್ತಿದರೆ ಸೋತೆ ಎಂದುಕೊಳ್ಳಬೇಡ. ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತು.

ಲ್ಯಾಬಿನಲ್ಲಿ ನಾಚಿಕೊಳ್ಳದೆ ಮೊದಲೇ ಹೇಳು: "ನನಗೆ ತಲೆ ಸುತ್ತುತ್ತದೆ, ಮಲಗಿಸಿ ರಕ್ತ ತೆಗೆಯಿರಿ." ಹಾಗೆ ಹೇಳಿದವರನ್ನು ಕಂಡರೆ ನಮಗೆ ಗೌರವವೇ ಹೆಚ್ಚು. ಈ ವಾರ ಮೊದಲ ಮೆಟ್ಟಿಲು ಹತ್ತು, ಹೇಗಾಯಿತೆಂದು ನನಗೆ ಬರೆ.

ಇತಿ,
ನಿನ್ನ ದೊಡ್ಡಮ್ಮ