ಬಾಣಕ್ಕೆ ಅಡ್ಡ ಬಂದ ಕಾಣದ ಗೋಡೆ

ಮಕ್ಕಳೇ, ಮೌಸ್ ಸರಿಸಿದರೆ ಕಂಪ್ಯೂಟರಿನ ತೆರೆಯ ಮೇಲೆ ಪುಟ್ಟ ಬಾಣವೊಂದು ಓಡಾಡುವುದು ನಿಮಗೆ ಗೊತ್ತು. ಒಂದೇ ಕಂಪ್ಯೂಟರಿಗೆ ಎರಡು ಮಾನಿಟರುಗಳನ್ನು ಅಕ್ಕಪಕ್ಕ ಜೋಡಿಸಬಹುದು ಎಂಬುದು ಗೊತ್ತೇ? ಪುಸ್ತಕದ ಪುಟ ವಿನ್ಯಾಸ ಮಾಡುವವರು, ಚಲನಚಿತ್ರ ಸಂಕಲನ ಮಾಡುವವರು ಹೀಗೆ ಜೋಡಿಸಿಕೊಳ್ಳುವುದುಂಟು. ಆಗ ಎಡ ತೆರೆಯ ಅಂಚು ದಾಟಿದ ಬಾಣ ಬಲ ತೆರೆಯಲ್ಲಿ ಮುಂದುವರಿಯುತ್ತದೆ, ಬದು ದಾಟಿ ಪಕ್ಕದ ಹೊಲಕ್ಕೆ ಹೋದ ಹಾಗೆ.

ಆದರೆ ಕೆಲವೊಮ್ಮೆ ಒಂದು ವಿಚಿತ್ರ ನಡೆಯುತ್ತದೆ. ನೇರವಾಗಿ ಪಕ್ಕಕ್ಕೆ ಸರಿಸಿದ ಬಾಣ ಆಚೆಯ ತೆರೆಯಲ್ಲಿ ಅರ್ಧ ಅಡಿ ಮೇಲೆ ಕಾಣಿಸಿಕೊಳ್ಳುತ್ತದೆ! ಬಲ ತೆರೆಯ ಕೆಳಭಾಗದಿಂದ ವಾಪಸ್ ತರಲು ಹೋದರೆ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮೌಸ್ ಕೆಟ್ಟಿಲ್ಲ. ಕಾರಣ ಇರುವುದು ಚುಕ್ಕೆಗಳ ಲೆಕ್ಕದಲ್ಲಿ.

ತೆರೆಯ ಮೇಲಿನ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಈ ಚುಕ್ಕೆಯೇ ಪಿಕ್ಸೆಲ್. ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದನ್ನು ರೆಸಲ್ಯೂಷನ್ ಎನ್ನುತ್ತಾರೆ. 27 ಇಂಚಿನ ಎರಡು ಮಾನಿಟರುಗಳಿವೆ ಎನ್ನೋಣ. ಎರಡರ ಎತ್ತರವೂ ಸುಮಾರು 33.6 ಸೆಂ.ಮೀ. ಎಡಗಡೆಯದು ಫುಲ್ ಎಚ್‌ಡಿ, ಅಂದರೆ 1920 × 1080. ಬಲಗಡೆಯದು 4ಕೆ, ಅಂದರೆ 3840 × 2160. ಅಷ್ಟೇ ಎತ್ತರದಲ್ಲಿ ಒಂದರಲ್ಲಿ 1080 ಸಾಲು, ಇನ್ನೊಂದರಲ್ಲಿ 2160 ಸಾಲು!

ವಿಂಡೋಸ್ ಕಂಪ್ಯೂಟರ್ ಬಾಣದ ಜಾಗವನ್ನು ಸೆಂಟಿಮೀಟರಿನಲ್ಲಿ ಅಳೆಯುವುದಿಲ್ಲ, ಚುಕ್ಕೆಗಳಲ್ಲಿ ಎಣಿಸುತ್ತದೆ. ಎರಡು ತೆರೆಗಳ ಮೇಲಂಚನ್ನು ಸಮವಾಗಿ ಹೊಂದಿಸಿದ್ದರೆ, ಎಡ ತೆರೆಯ 1000ನೇ ಸಾಲಿನಿಂದ ಹೊರಟ ಬಾಣ ಬಲ ತೆರೆಯ 1000ನೇ ಸಾಲಿಗೇ ಹೋಗುತ್ತದೆ. ಎಡದಲ್ಲಿ 1000ನೇ ಸಾಲು ಬಹುತೇಕ ತಳದಲ್ಲಿದೆ. ಬಲದಲ್ಲಿ ಅದು ನಡುಮಧ್ಯಕ್ಕಿಂತ ಸ್ವಲ್ಪ ಮೇಲಿದೆ. ಇನ್ನು ಬಲ ತೆರೆಯ 1500ನೇ ಸಾಲಿನಿಂದ ಹಿಂದಿರುಗಬೇಕೆಂದರೆ? ಎಡದಲ್ಲಿ 1500ನೇ ಸಾಲೇ ಇಲ್ಲ! ಅದೇ ಕಾಣದ ಗೋಡೆ.

ಮಾಡಿ ನೋಡಿ

ಕಾಗದದಿಂದ 12 ಸೆಂ.ಮೀ. ಉದ್ದದ ಎರಡು ಪಟ್ಟಿಗಳನ್ನು ಕತ್ತರಿಸಿ. ಮೊದಲನೆಯದರಲ್ಲಿ 2 ಸೆಂ.ಮೀ.ಗೊಂದರಂತೆ 6 ಮನೆ, ಎರಡನೆಯದರಲ್ಲಿ 1 ಸೆಂ.ಮೀ.ಗೊಂದರಂತೆ 12 ಮನೆ ಬರೆದು ಮೇಲಿನಿಂದ ಸಂಖ್ಯೆ ಹಾಕಿ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ. ಮೊದಲ ಪಟ್ಟಿಯ 5ನೇ ಮನೆಯಲ್ಲಿ ಒಂದು ಹುಣಸೆಬೀಜ ಇಟ್ಟು, ಎರಡನೆಯದರ 5ನೇ ಮನೆಗೆ ಸರಿಸಿ. ಬೀಜ ಎಷ್ಟು ಮೇಲೆ ಹಾರಿತು? ಎರಡನೆಯ ಪಟ್ಟಿಯ 7ರಿಂದ 12ನೇ ಮನೆಗಳಿಗೆ ಜೊತೆಯೇ ಇಲ್ಲವಲ್ಲ!

ಈಗ ಮನೆಯ ಸಂಖ್ಯೆಯನ್ನು ಎರಡರಿಂದ ಗುಣಿಸಿ ಬೀಜ ಸರಿಸಿ. 5ರಿಂದ 10ಕ್ಕೆ, 3ರಿಂದ 6ಕ್ಕೆ. ಜಿಗಿತ ಮಾಯವಾಯಿತು. ವಾಪಸ್ ಬರುವಾಗ ಎರಡರಿಂದ ಭಾಗಿಸಿದರಾಯಿತು (ಬೆಸ ಸಂಖ್ಯೆ ಬಂದರೆ ಏನು ಮಾಡುವಿರಿ, ನೀವೇ ಯೋಚಿಸಿ). ನೀವು ತರಗತಿಯಲ್ಲಿ ಕಲಿಯುವ ಅನುಪಾತವೇ ಇಲ್ಲಿ ಕೆಲಸಕ್ಕೆ ಬಂತು.

ಕಂಪ್ಯೂಟರಿನಲ್ಲಿ ಇದನ್ನು ಸರಿಪಡಿಸುವುದು ಹೇಗೆ? ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ ಎರಡು ಮಾನಿಟರುಗಳು 1, 2 ಎಂಬ ಪೆಟ್ಟಿಗೆಗಳಾಗಿ ಕಾಣುತ್ತವೆ. ಚಿಕ್ಕ ಪೆಟ್ಟಿಗೆಯನ್ನು ಎಳೆದು ದೊಡ್ಡದರ ನಡುವಿಗೆ ತರಬಹುದು. ಆಗ ಗೋಡೆ ಮೇಲೆ 540 ಸಾಲು, ಕೆಳಗೆ 540 ಸಾಲು ಎಂದು ಹಂಚಿಹೋಗುತ್ತದೆ. ಕೂಡಿಸಿದರೆ ಮತ್ತೆ 1080! ಗೋಡೆ ಜಾಗ ಬದಲಿಸಿತೇ ಹೊರತು ಕುಗ್ಗಲಿಲ್ಲ. ವಿಂಡೋಸ್ 11ರಲ್ಲಿ ಗೋಡೆಗೆ ತಗುಲಿದ ಬಾಣವನ್ನು ಆಚೆಗೆ ದಾಟಿಸುವ ಒಂದು ಆಯ್ಕೆ ಇದೆ. ಬಾಣ ಸಿಕ್ಕಿಕೊಳ್ಳುವುದು ಅದರಿಂದ ತಪ್ಪುತ್ತದೆ, ಜಿಗಿತ ಮಾತ್ರ ಉಳಿಯುತ್ತದೆ.

ನಿಜವಾದ ಪರಿಹಾರ ಸೆಂಟಿಮೀಟರಿನಲ್ಲಿದೆ. ಹೆಚ್ಚಿನ ಮಾನಿಟರುಗಳು ತಮ್ಮ ಉದ್ದಗಲವನ್ನು ಕಂಪ್ಯೂಟರಿಗೆ ತಾವೇ ತಿಳಿಸುತ್ತವೆ. ಲಿಟಲ್ ಬಿಗ್ ಮೌಸ್ ಎಂಬ ಉಚಿತ ತಂತ್ರಾಂಶ ಆ ಅಳತೆಗಳನ್ನು ಬಳಸಿ, ನೀವು ಬೀಜಕ್ಕೆ ಮಾಡಿದಂತೆಯೇ ಲೆಕ್ಕ ಹಾಕಿ ಬಾಣವನ್ನು ಸರಿಯಾದ ಎತ್ತರಕ್ಕೆ ಕಳುಹಿಸುತ್ತದೆ.

ನಿಮಗೊಂದು ಲೆಕ್ಕ: 15.6 ಇಂಚಿನ ಲ್ಯಾಪ್‌ಟಾಪ್ ತೆರೆಯ ಎತ್ತರ 19.4 ಸೆಂ.ಮೀ., ಸಾಲುಗಳು 768. ಪಕ್ಕದ 24 ಇಂಚಿನ ಮಾನಿಟರಿನ ಎತ್ತರ 29.9 ಸೆಂ.ಮೀ., ಸಾಲುಗಳು 1080. ಒಂದು ಸೆಂಟಿಮೀಟರಿಗೆ ಎಷ್ಟೆಷ್ಟು ಸಾಲು ಬರುತ್ತವೆ? ಮೇಲಂಚು ಸಮವಾಗಿದ್ದರೆ ಇಲ್ಲಿ ಬಾಣದ ಜಿಗಿತ ಹೆಚ್ಚೋ, ಕಡಿಮೆಯೋ?