ಹನ್ನೆರಡು ವೋಲ್ಟಿನ ಆಯವ್ಯಯ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ ತಳಕು ಎಂಬ ಊರಿದೆ. ತ. ಸು. ವೆಂಕಣ್ಣಯ್ಯನವರ ಹೆಸರಿನೊಡನೆ ಈ ಊರಿನ ಹೆಸರೂ ಕನ್ನಡಿಗರ ಮನಸ್ಸಿನಲ್ಲಿ ನಿಂತಿದೆ. ಫಾಲ್ಗುಣ ಮಾಸ ಬಂದಿತೆಂದರೆ ಇದೇ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ನಡೆಯುತ್ತದೆ. ಸುತ್ತಣ ಹಳ್ಳಿಗಳಿಂದ ಜನರು ಹಿಂದೆ ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಇಂದು ಕಾರು, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಹೊರಡುತ್ತಾರೆ. ಗೆಜ್ಜೆಯ ಸದ್ದಿದ್ದ ಕಡೆ ಈಗ ಧ್ವನಿವರ್ಧಕದ ಸದ್ದು.

ಇಂತಹ ವಾಹನವೊಂದು ರಾತ್ರಿಯ ಹೊತ್ತು ಹಾಡು ಹಾಕಿಕೊಂಡು ಬರುವುದನ್ನು ನೀವು ಗಮನಿಸಿರಬಹುದು. ತಮಟೆಯ ಪೆಟ್ಟು ಬಿದ್ದಾಗಲೆಲ್ಲ ಅದರ ಮುಂದೀಪಗಳು ಕ್ಷಣಕಾಲ ಮಂಕಾಗಿ ಮತ್ತೆ ಬೆಳಗುತ್ತವೆ. ಜಾತ್ರೆ ಮುಗಿಸಿ ಮನೆಗೆ ಹೊರಡುವ ವೇಳೆಗೆ ಎಂಜಿನ್ ಚಾಲೂ ಆಗದೆ ನಾಲ್ಕು ಜನ ಇಳಿದು ತಳ್ಳುವುದೂ ಉಂಟು. ಕೆಲವೊಮ್ಮೆ ವೈರು ಸುಟ್ಟ ವಾಸನೆ ಬರುತ್ತದೆ. ಅದು ಬೆಂಕಿಗೆ ಮುನ್ಸೂಚನೆ. ಇಂತಹ ವೇಳೆಯಲ್ಲಿ ಜನರು ಬ್ಯಾಟರಿಯನ್ನು ದೂರುತ್ತಾರೆ. ಆದರೆ ತಪ್ಪು ಬ್ಯಾಟರಿಯದಲ್ಲ, ಲೆಕ್ಕದ್ದು. ಆ ಲೆಕ್ಕವನ್ನು ಮಾಡಲು ನೀವು ಈಗಾಗಲೇ ಕಲಿತಿರುವ ಗುಣಾಕಾರ ಭಾಗಾಕಾರಗಳು ಸಾಕು.

ಬ್ಯಾಟರಿಯು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೆಂದು ಬಹುಜನರು ತಿಳಿದಿದ್ದಾರೆ. ಚಾಲೂ ಆದ ವಾಹನದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಇಂದಿಗೂ ಡೈನಮೋ ಎನ್ನುತ್ತಾರೆ. ಬ್ಯಾಟರಿ ಕೆರೆ, ಆಲ್ಟರ್ನೇಟರ್ ಆ ಕೆರೆಗೆ ಬರುವ ಹಳ್ಳ. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಎಷ್ಟು ದೊಡ್ಡ ಜಲಾಶಯ! ಆದರೂ 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟೆ ದೊಡ್ಡದಾದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ತಿಪ್ಪೇರುದ್ರಸ್ವಾಮಿಯ ಮಾತು ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಆಲ್ಟರ್ನೇಟರಿನ ವಿಷಯದಲ್ಲಂತೂ ಅದು ಅಕ್ಷರಶಃ ನಿಜ.

ಈಗ ಖರ್ಚನ್ನು ನೋಡೋಣ. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಎಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಒಬ್ಬ ತರುಣನು ತನ್ನ ಕಾರಿಗೆ 600 ವ್ಯಾಟ್ ಹೊರಸೂಸುವ ಆಂಪ್ಲಿಫೈಯರನ್ನು ಹಾಕಿಸಿದನೆನ್ನಿ. ಹಳೆಯ ಬಗೆಯ ಆಂಪ್ಲಿಫೈಯರು ತಾನು ಪಡೆದ ಶಕ್ತಿಯಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲನ್ನು ಮಾತ್ರ ಧ್ವನಿವರ್ಧಕಕ್ಕೆ ಕೊಡುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ 600 ವ್ಯಾಟ್ ಕೊಡಲು ಅದಕ್ಕೆ 1000 ವ್ಯಾಟ್ ಬೇಕು. ಓಡುವ ಕಾರಿನ ವಿಭವಾಂತರ ಸುಮಾರು 13.8 ವೋಲ್ಟ್. ಭಾಗಿಸಿದರೆ ಸುಮಾರು 72 ಆಂಪಿಯರ್! ಇದೇ 1000 ವ್ಯಾಟನ್ನು ಮನೆಯ 230 ವೋಲ್ಟಿನ ತಂತಿಯಿಂದ ತೆಗೆದುಕೊಂಡರೆ ನಾಲ್ಕೂಕಾಲು ಆಂಪಿಯರ್ ಸಾಕು. 'ಡಿ' ವರ್ಗವೆಂದು ಕರೆಯುವ ಹೊಸ ಬಗೆಯ ಆಂಪ್ಲಿಫೈಯರಿನಲ್ಲಿ ನಷ್ಟ ಕಡಿಮೆ. ಅದು ನೂರಕ್ಕೆ ಎಂಬತ್ತರಷ್ಟನ್ನು ಕೊಟ್ಟರೆ 54 ಆಂಪಿಯರಿನಲ್ಲಿ ಕೆಲಸ ಮುಗಿಯುತ್ತದೆ.

ಹಾಡು ಸದಾಕಾಲ ಉಚ್ಚಸ್ಥಾಯಿಯಲ್ಲಿ ಇರುವುದಿಲ್ಲವಷ್ಟೆ. ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವಿದೆ. ಆದುದರಿಂದ ಸರಾಸರಿ ಖರ್ಚನ್ನು ಮೂರನೆಯ ಒಂದು ಪಾಲು, ಎಂದರೆ 24 ಆಂಪಿಯರ್ ಎಂದು ಹಿಡಿಯಬಹುದು. ಒಂದು ಚಿಕ್ಕ ಕಾರಿನ ಆಲ್ಟರ್ನೇಟರ್ ವೇಗವಾಗಿ ತಿರುಗುವಾಗ 70 ಆಂಪಿಯರ್ ಕೊಡುತ್ತದೆಂದೂ, ದೀಪ, ಫ್ಯಾನು, ಇಂಧನದ ಪಂಪು ಮುಂತಾದವುಗಳಿಗೆ 35 ಆಂಪಿಯರ್ ಬೇಕೆಂದೂ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಓಡುವಾಗ 35 ಉಳಿಯುತ್ತದೆ. ಹಾಡಿಗೆ 24 ಹೋದರೂ ಚಿಂತೆಯಿಲ್ಲ. ಅದೇ ಕಾರು ಜಾತ್ರೆಯ ಜನಸಂದಣಿಯಲ್ಲಿ ಆಮೆಯ ನಡಿಗೆಯಲ್ಲಿ ಸಾಗುವಾಗ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಆಲ್ಟರ್ನೇಟರಿನ ಉತ್ಪತ್ತಿ ಅರ್ಧಕ್ಕೆ ಇಳಿಯುತ್ತದೆ. ಕಾರಿನ ಸ್ವಂತ ಖರ್ಚಿಗೇ ಅದೆಲ್ಲ ಸಂದುಹೋಗಿ, ಹಾಡಿನ 24 ಆಂಪಿಯರೂ ಬ್ಯಾಟರಿಯಿಂದಲೇ ಬರಬೇಕಾಗುತ್ತದೆ. ಊರಿನಿಂದ ಬರುವಾಗ ಚೆನ್ನಾಗಿದ್ದ ವ್ಯವಸ್ಥೆ ಜಾತ್ರೆಯಲ್ಲಿ ಏಕೆ ಕೈಕೊಟ್ಟಿತೆಂಬುದಕ್ಕೆ ಉತ್ತರ ಇಲ್ಲಿದೆ.

ಎಂಜಿನ್ನನ್ನೇ ನಿಲ್ಲಿಸಿ ಹಾಡು ಹಾಕುವವರ ಪಾಡು ಇನ್ನೂ ಕಷ್ಟ. 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 24ರಿಂದ ಭಾಗಿಸಿದರೆ ಒಂದು ಗಂಟೆ ನಲವತ್ತು ನಿಮಿಷ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಎಂಜಿನ್ ಮತ್ತೆ ಚಾಲೂ ಆಗಲು ನೂರು ಆಂಪಿಯರಿಗೂ ಮೀರಿದ ಪ್ರವಾಹ ಕೆಲವು ಕ್ಷಣ ಬೇಕು. ಆದ್ದರಿಂದ ಅರ್ಧವನ್ನಾದರೂ ಉಳಿಸಿಕೊಳ್ಳಬೇಕು. ಅಲ್ಲದೆ ಬಿರುಸಾಗಿ ಸೆಳೆದಷ್ಟೂ ಸೀಸ-ಆಮ್ಲದ ಬ್ಯಾಟರಿ ಕೊಡುವ ಒಟ್ಟು ಮೊತ್ತ ಕಡಿಮೆಯಾಗುತ್ತದೆ. ಹೀಗಾಗಿ ಮುಕ್ಕಾಲು ಗಂಟೆಗೆ ಹಾಡು ನಿಲ್ಲಿಸುವುದು ಜಾಣತನ. ಪದೇ ಪದೇ ಬರಿದುಮಾಡಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಹೂಳು ತುಂಬಿದ ಕೆರೆಯಂತೆ ಬ್ಯಾಟರಿ ಹೊರಗಿನಿಂದ ಹಾಗೆಯೇ ಕಾಣುತ್ತದೆ, ಒಳಗೆ ಮಾತ್ರ ಜಾಗವಿರುವುದಿಲ್ಲ.

ಕೆರೆಯಿಂದ ಗದ್ದೆಗೆ ಕಾಲುವೆ ಬೇಕಲ್ಲವೆ? ಇಲ್ಲಿ ಕಾಲುವೆಯೆಂದರೆ ತಾಮ್ರದ ತಂತಿ. ಹೆಚ್ಚಿನ ಅನಾಹುತಗಳು ನಡೆಯುವುದು ಇಲ್ಲಿಯೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ಎಂಜಿನಿಯರುಗಳು ಮೂವತ್ತು ಸಾವಿರ ವೋಲ್ಟುಗಳಿಗೆ ಕಡಿಮೆಯಿಲ್ಲದ ವಿಭವಾಂತರವನ್ನು ಬಳಸಿದರು. ಕಾರಣವಿಷ್ಟೆ: ತಂತಿಯಲ್ಲಿ ನಷ್ಟವಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ವೋಲ್ಟನ್ನು ಏರಿಸಿದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ಕಡಿಮೆ ಸಾಕು. ಕಾರಿನಲ್ಲಿ ನಮಗೆ ಆ ಅನುಕೂಲವಿಲ್ಲ. ದೂರ ಕೆಲವೇ ಮೀಟರಾದರೂ ವೋಲ್ಟು ಹದಿನಾಲ್ಕರೊಳಗೇ ಇದೆ.

ಬ್ಯಾಟರಿಯಿಂದ ಡಿಕ್ಕಿಯವರೆಗೆ ಐದು ಮೀಟರ್, ಹಿಂದಿರುಗಲು ಐದು ಮೀಟರ್, ಒಟ್ಟು ಹತ್ತು ಮೀಟರ್ ತಂತಿಯೆನ್ನಿ. ಅದು 4 ಚದರ ಮಿಲಿಮೀಟರಿನ ತಾಮ್ರದ ತಂತಿಯಾಗಿದ್ದರೆ ರೋಧ ಸುಮಾರು 0.045 ಓಮ್. 72 ಆಂಪಿಯರ್ ಹರಿದಾಗ ದಾರಿಯಲ್ಲೇ 3.2 ವೋಲ್ಟು ಕಳೆದುಹೋಗುತ್ತದೆ. ಅಷ್ಟೇ ಅಲ್ಲ, 233 ವ್ಯಾಟ್ ಶಾಖವಾಗುತ್ತದೆ. ನೂರು ವ್ಯಾಟಿನ ಎರಡು ಹಳೆಯ ಬಲ್ಬುಗಳನ್ನು ಹೊತ್ತಿಸಿ ಕಾರಿನ ನೆಲಹಾಸಿನ ಕೆಳಗೆ ಬಚ್ಚಿಟ್ಟಂತೆ! 16 ಚದರ ಮಿಲಿಮೀಟರಿನ ತಂತಿಯಾದರೆ ಈ ಎರಡೂ ನಷ್ಟಗಳು ಕಾಲುಭಾಗಕ್ಕೆ ಇಳಿಯುತ್ತವೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟು ಅಗ್ಗವಾಗಿ ಮಾರುವುದೂ ಉಂಟು. ಅದರ ರೋಧ ಅಪ್ಪಟ ತಾಮ್ರದ ಒಂದೂವರೆ ಪಟ್ಟಿನಷ್ಟು. ಬಣ್ಣ ನೋಡಿ ಮರುಳಾಗದೆ, ತುದಿಯ ಎಳೆಯೊಂದನ್ನು ಕೆರೆದು ನೋಡಿದರೆ ಒಳಗಿನ ಬಿಳುಪು ಕಾಣುತ್ತದೆ. ವಾಹನದ ಕಬ್ಬಿಣದ ಒಡಲಿಗೆ ಜೋಡಿಸುವ ಋಣತಂತಿಯ ಜಾಗದಲ್ಲಿಯೂ ಬಣ್ಣವನ್ನು ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಬೋಲ್ಟು ಬಿಗಿಯಬೇಕು.

ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಪಾಡಲು ಎಂದು ಅನೇಕರು ಭಾವಿಸಿ, ಅದನ್ನು ಡಿಕ್ಕಿಯಲ್ಲಿ ಹಾಕಿಬಿಡುತ್ತಾರೆ. ಮುಖ್ಯ ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ತಂತಿಯ ಹೊದಿಕೆ ಎಲ್ಲಿಯೋ ಸವೆದು ತಾಮ್ರವು ಕಬ್ಬಿಣಕ್ಕೆ ತಾಗಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಒಮ್ಮೆಗೇ ನುಗ್ಗುತ್ತದೆ. ಆಗ ಫ್ಯೂಸ್ ಬ್ಯಾಟರಿಯಿಂದ ಒಂದು ಮೊಳದೊಳಗೆ ಇದ್ದರೆ ಮಾತ್ರ ಉಳಿದ ತಂತಿಯೆಲ್ಲ ಅದರ ಕಾವಲಿನಲ್ಲಿರುತ್ತದೆ. ಅದರ ಅಂಕಿ ತಂತಿ ತಡೆಯಬಲ್ಲ ಪ್ರವಾಹವನ್ನು ಮೀರಕೂಡದು. ಫ್ಯೂಸ್ ಹೋದಾಗ ಮೊಳೆಯನ್ನೋ ದಪ್ಪ ತಂತಿಯನ್ನೋ ಅದರ ಜಾಗದಲ್ಲಿ ಸಿಕ್ಕಿಸುವವನು ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬೀಗದ ಕೈ ಕೊಟ್ಟಂತೆ.

ದೀಪ ಮಂಕಾಗುವುದನ್ನು ತಪ್ಪಿಸಲು ಒಂದು ಫ್ಯಾರಡ್‌ನ ಧಾರಕವನ್ನು ಹಾಕಿಸಿದರೆ ಸಾಕೆಂದು ಅಂಗಡಿಗಳಲ್ಲಿ ಹೇಳುವುದುಂಟು. ವಿಭವಾಂತರವು 14ರಿಂದ 12 ವೋಲ್ಟಿಗೆ ಇಳಿಯುವಷ್ಟರಲ್ಲಿ ಅದು ಕೊಡಬಲ್ಲದ್ದು 26 ಜೂಲ್. ಸೆಕೆಂಡಿಗೆ 1000 ಜೂಲ್ ಬೇಡುವ ಆಂಪ್ಲಿಫೈಯರಿಗೆ ಅದು ಸೆಕೆಂಡಿನ ನಲವತ್ತನೆಯ ಒಂದು ಭಾಗಕ್ಕೆ ಸಾಲುತ್ತದೆ. ಕೆರೆಯ ಪಕ್ಕದಲ್ಲಿ ಒಂದು ತಂಬಿಗೆ ಇಟ್ಟಂತಾಯಿತು. ಎರಡನೆಯ ಬ್ಯಾಟರಿ ಅದಕ್ಕಿಂತ ಮೇಲು. ನಿಂತ ವಾಹನದಲ್ಲಿ ಹೆಚ್ಚು ಹೊತ್ತು ಹಾಡು ಬರುತ್ತದೆ. ಆದರೆ ಮರುದಿನ ಅದನ್ನು ತುಂಬಬೇಕಾದದ್ದೂ ಅದೇ ಆಲ್ಟರ್ನೇಟರ್. ವಿದ್ಯುತ್ ಕಾರುಗಳಲ್ಲಿ ಆಲ್ಟರ್ನೇಟರಿನ ಬದಲು ದೊಡ್ಡ ಬ್ಯಾಟರಿಯ ವಿಭವವನ್ನು ಹನ್ನೆರಡಕ್ಕೆ ಇಳಿಸುವ ಪರಿವರ್ತಕವಿದೆ. ಅದಕ್ಕೂ ಮಿತಿಯುಂಟು.

ಇಷ್ಟೆಲ್ಲ ಮಾಡಿ ಪಡೆಯುವುದಾದರೂ ಏನು? ನಮ್ಮ ಕಿವಿಯ ಸ್ವಭಾವ ವಿಚಿತ್ರವಾದುದು. ಸಾಮರ್ಥ್ಯವನ್ನು 600ರಿಂದ 1200 ವ್ಯಾಟಿಗೆ ಏರಿಸಿದರೆ ಶಬ್ದ ಏರುವುದು ಮೂರು ಡೆಸಿಬೆಲ್. ಕಿವಿಗೆ ಅದು ತುಸು ವ್ಯತ್ಯಾಸ. ಶಬ್ದ ಇಮ್ಮಡಿಯಾದಂತೆ ಕೇಳಬೇಕಾದರೆ ಸುಮಾರು ಹತ್ತು ಪಟ್ಟು, ಎಂದರೆ 6000 ವ್ಯಾಟ್ ಬೇಕು. ಬದಲಾಗಿ ಉತ್ತಮವಾದ ಧ್ವನಿವರ್ಧಕವನ್ನು ಆರಿಸಿದರೆ ಒಂದು ಆಂಪಿಯರೂ ಹೆಚ್ಚು ಖರ್ಚಾಗದು. ಊರೂರು ತಿರುಗಿ ಪ್ರಚಾರ ಮಾಡುವ ಆಟೊರಿಕ್ಷಾದ ತುತ್ತೂರಿಯಂತಹ ಧ್ವನಿವರ್ಧಕವನ್ನು ನೋಡಿ. ಐವತ್ತು ವ್ಯಾಟಿನ ಆಂಪ್ಲಿಫೈಯರು ಸಾಕಾಗಿ, ಆರೇಳು ಆಂಪಿಯರಿನಲ್ಲಿ ಅದು ಇಡೀ ಬೀದಿಗೆ ಕೇಳಿಸುತ್ತದೆ. ಅದರಲ್ಲಿ ತಮಟೆಯ ಗಾಂಭೀರ್ಯವಿಲ್ಲ, ನಿಜ. ಮಾತಿಗೆ ಮಾತ್ರ ಅದಕ್ಕೆ ಸಮನಾದುದು ಇಲ್ಲ. ಬೀದಿಯವರಿಗೂ ಹಕ್ಕಿದೆಯೆಂಬುದನ್ನು ಮರೆಯಕೂಡದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ, ನಡುರಾತ್ರಿಯವರೆಗೆ ಮಾತ್ರ, ಸರ್ಕಾರವು ವಿನಾಯಿತಿ ಕೊಡಬಹುದು.

ವ್ಯವಸ್ಥೆಯನ್ನು ಪರೀಕ್ಷಿಸಲು ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಇರುವಾಗ, ಹಾಡು ಜೋರಾಗಿ ಬರುತ್ತಿರುವಾಗ, ಮೊದಲು ಬ್ಯಾಟರಿಯ ತುದಿಗಳಲ್ಲಿ, ಅನಂತರ ಆಂಪ್ಲಿಫೈಯರಿನ ತುದಿಗಳಲ್ಲಿ ವೋಲ್ಟನ್ನು ಅಳೆಯಬೇಕು. ಬ್ಯಾಟರಿಯಲ್ಲಿ ಹದಿಮೂರಕ್ಕಿಂತ ಹೆಚ್ಚಿದ್ದು ಆಂಪ್ಲಿಫೈಯರಿನಲ್ಲಿ ಹನ್ನೊಂದಕ್ಕೆ ಇಳಿದಿದ್ದರೆ ತಂತಿ ತೆಳುವಾಗಿದೆ ಅಥವಾ ಜೋಡಣೆ ಸಡಿಲವಾಗಿದೆ. ಬ್ಯಾಟರಿಯಲ್ಲೇ ಹನ್ನೆರಡೂವರೆಗಿಂತ ಕೆಳಗಿಳಿದು ಅಲ್ಲಿಯೇ ನಿಂತರೆ, ಹಳ್ಳದಿಂದ ಬರುವುದಕ್ಕಿಂತ ತೂಬಿನಿಂದ ಹೋಗುವುದು ಹೆಚ್ಚಾಗಿದೆ. ಆಗ ಹಾಡಿನ ಮಟ್ಟವನ್ನು ತಗ್ಗಿಸಬೇಕು, ಇಲ್ಲವೆ ದೊಡ್ಡ ಆಲ್ಟರ್ನೇಟರನ್ನು ಹಾಕಿಸಬೇಕು.