ಗಾಡಿ ಮಿಸ್ ಹೊಡೆಯುತ್ತಿದೆಯೇ? ಸಾಮಾನು ಕೊಳ್ಳುವ ಮುಂಚೆ ಅದಲು ಬದಲು ಮಾಡಿ ನೋಡಿ

‘ಗಾಡಿ ಮಿಸ್ ಹೊಡಿಯಾಕತ್ತೈತಿ, ಪಿಕಪ್ಪೇ ಇಲ್ಲ’ ಎಂದು ಗ್ಯಾರೇಜಿಗೆ ಹೋದವರಿಗೆ ಮೊದಲು ಸಿಗುವ ಸಲಹೆ ಪ್ಲಗ್ ಬದಲಿಸುವುದು. ಅದಕ್ಕೂ ಬಗ್ಗದಿದ್ದರೆ ಕಾಯಿಲ್, ಆಮೇಲೆ ಇಂಜೆಕ್ಟರ್. ಹೀಗೆ ಒಂದೊಂದೇ ಬದಲಿಸುತ್ತ ಹೋದರೆ ಗಾಡಿ ಎಲ್ಲೋ ಒಂದು ಕಡೆ ಸರಿಹೋಗುತ್ತದೆ. ಅಷ್ಟರಲ್ಲಿ ಚೆನ್ನಾಗಿದ್ದ ಸಾಮಾನಿಗೂ ದುಡ್ಡು ಸುರಿದಾಗಿರುತ್ತದೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಿಂದ ಸರ್ವಿಸ್ ಸೆಂಟರಿಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸವೂ ಹೌದು. ಪೆಟ್ರೋಲ್ ಕಾರಿನ ಮಿಸ್ಸಿಂಗ್‌ಗೆ ಕಾರಣ ಹುಡುಕುವ ಕೆಲಸದಲ್ಲಿ ಬಹುಪಾಲನ್ನು ಮನೆ ಅಂಗಳದಲ್ಲೇ, ಕಾಸು ಖರ್ಚಿಲ್ಲದೆ ಮಾಡಬಹುದು.

ಪ್ರತಿ ಸಿಲಿಂಡರಿಗೂ ಬೇಕಾದವು ನಾಲ್ಕು: ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಒಳಗೆ ಬಿಗಿಯಾದ ಒತ್ತಡ. ಒಂದು ಕೈಕೊಟ್ಟರೂ ಆ ಸಿಲಿಂಡರ್ ಸುಮ್ಮನಾಗುತ್ತದೆ, ಅದೇ ಮಿಸ್ಸಿಂಗ್. ಆಲ್ಟೊದಂಥ ಮೂರು ಸಿಲಿಂಡರಿನ ಕಾರಿನಲ್ಲಿ ಒಂದು ನಿಂತರೆ ಮೂರನೇ ಒಂದು ಭಾಗ ಶಕ್ತಿಯೇ ಹೋದಂತೆ. ಹಾಗಾಗಿ ನಡುಕ ಸ್ಟೇರಿಂಗ್‌ವರೆಗೂ ಬರುತ್ತದೆ.

ಮೊದಲು ಮೀಟರ್ ನೋಡಿ

ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಊರು ಸೇರಬಹುದು. ಅದು ಮಿಣುಕುತ್ತಿದ್ದರೆ ಗಾಡಿಯನ್ನು ಬದಿಗೆ ಹಾಕಿ ಬಂದ್ ಮಾಡಿ. ಸಿಲಿಂಡರಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ ಎಂದು ಅದರ ಅರ್ಥ. ಕನ್ವರ್ಟರ್ ಕೆಂಪಗೆ ಕಾದು ಹಾಳಾದರೆ ಆ ಖರ್ಚಿನ ಮುಂದೆ ಪ್ಲಗ್, ಕಾಯಿಲ್‌ನ ಖರ್ಚು ಏನೂ ಅಲ್ಲ.

ನಮ್ಮ ಕಡೆ ಇದರಲ್ಲಿ ಇನ್ನೊಂದು ಅಪಾಯವಿದೆ. ಸುಗ್ಗಿಯ ದಿನಗಳಲ್ಲಿ ಹುರುಳಿ, ಸಜ್ಜೆಯನ್ನು ಒಕ್ಕಣೆಗೆಂದು ರಸ್ತೆಗೇ ಹರಡಿರುತ್ತಾರೆ. ಅದರ ಮೇಲೆ ಹಾದುಹೋಗುವಾಗ ಒಣ ಬಳ್ಳಿ, ಹೊಟ್ಟು ಗಾಡಿಯ ತಳಕ್ಕೆ ಸುತ್ತಿಕೊಂಡು ಸೈಲೆನ್ಸರಿಗೆ ಅಂಟುತ್ತವೆ. ಹಾಗೆ ಹೊತ್ತಿಕೊಂಡು ಇಡೀ ಕಾರು ಸುಟ್ಟ ಪ್ರಕರಣಗಳು ಕರ್ನಾಟಕದಲ್ಲಿ ನಡೆದಿವೆ. ಮಿಸ್ ಹೊಡೆಯುವ ಗಾಡಿಯಲ್ಲಿ ಆ ಭಾಗ ಮಾಮೂಲಿಗಿಂತ ಹೆಚ್ಚು ಕಾದಿರುತ್ತದೆ. ಆದ್ದರಿಂದ ಅಂಥ ಗಾಡಿಯನ್ನು ಕಣದ ಮೇಲೆ ಹಾಯಿಸಬೇಡಿ, ಬಣವೆ ಪಕ್ಕ ನಿಲ್ಲಿಸಬೇಡಿ. ಬದಿಗೆ ಹಾಕುವಾಗಲೂ ಒಣ ಹುಲ್ಲಿಲ್ಲದ ಜಾಗ ನೋಡಿ.

ಯಾವ ಸಿಲಿಂಡರ್?

ಓಬಿಡಿ ಸ್ಕ್ಯಾನರ್ ಸಿಕ್ಕರೆ ಕೆಲಸ ಹಗುರ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲೇ ದೋಷದ ಕೋಡ್ ಓದಬಹುದು. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಪಿ0300 ಬಂದರೆ ಯಾವುದೋ ಒಂದರ ತಪ್ಪಲ್ಲ, ಹಲವು ಸಿಲಿಂಡರ್ ಬಿಟ್ಟುಬಿಟ್ಟು ತಪ್ಪುತ್ತಿವೆ ಎಂದರ್ಥ.

ಸ್ಕ್ಯಾನರ್ ಇಲ್ಲದಿದ್ದರೆ ಎಂಜಿನ್ ಬಂದ್ ಮಾಡಿ ಒಂದು ಇಂಜೆಕ್ಟರಿನ ಪಿನ್ ಬಿಚ್ಚಿ, ಮತ್ತೆ ಚಾಲೂ ಮಾಡಿ ಸದ್ದು ಕೇಳಿ. ನಡುಕ ಹೆಚ್ಚಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ನಿಂತಿರುವುದು ಅದೇ. ಬಂದ್ ಮಾಡಿ ಪಿನ್ ಹಾಕಿ, ಮುಂದಿನದಕ್ಕೆ ಹೋಗಿ. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರಿಗೆ, ಕಾಯಿಲ್‌ಗೆ ಕೈ ಹಾಕಲೇಬೇಡಿ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್.

ಈಗ ಎಂಜಿನ್ ಪೂರ್ತಿ ಆರಲು ಬಿಡಿ. ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಮರೆ (ಥ್ರೆಡ್) ಕಿತ್ತುಬರುವ ಭಯ. ಪ್ಲಗ್ ಗುಣಿಯಲ್ಲಿ ಕೂತ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರಿನೊಳಗೆ ಬೀಳುತ್ತದೆ. ಹೆಚ್ಚಿನ ಕಾರುಗಳಿಗೆ 16 ಮಿ.ಮೀ. ಪ್ಲಗ್ ಪಾನ ಸಾಕು. ಹಳೇ ಗಾಡಿಗೆ 21, ಕೆಲವು ಹೊಸ ಗಾಡಿಗೆ 14 ಬೇಕು.

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಸಾಲಿನಲ್ಲೇ ಹಾಳೆಯ ಮೇಲೆ ಜೋಡಿಸಿಡಿ. ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಆರೋಗ್ಯ ಚೆನ್ನಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಕಿಡಿ ಬರುತ್ತಿಲ್ಲ. ಎಣ್ಣೆ ಜಿಡ್ಡಿದ್ದರೆ ಒಳಗೆ ಆಯಿಲ್ ಇಳಿಯುತ್ತಿದೆ. ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಪ್ಲಗ್ ಬಿಸಾಡಿ.

ಇನ್ನು ಮುಖ್ಯ ಪರೀಕ್ಷೆ. ಒಂದನೇ ಸಿಲಿಂಡರ್ ನಿಂತಿದೆ ಎಂದುಕೊಳ್ಳಿ. ಅದರ ಕಾಯಿಲನ್ನು ಎರಡನೆಯದಕ್ಕೂ, ಎರಡನೆಯದರ ಕಾಯಿಲನ್ನು ಇದಕ್ಕೂ ಹಾಕಿ ಓಡಿಸಿ. ಮಿಸ್ಸಿಂಗ್ ಎರಡನೇ ಸಿಲಿಂಡರಿಗೆ ಹೋಯಿತೇ? ಕಾಯಿಲೇ ಕೆಟ್ಟಿದೆ, ಧೈರ್ಯವಾಗಿ ಹೊಸದು ತನ್ನಿ. ಅಲ್ಲೇ ಉಳಿಯಿತೇ? ಇದೇ ರೀತಿ ಪ್ಲಗ್ ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ಸಾಮಾನು, ಈ ನಿಯಮ ಮುರಿಯಬೇಡಿ. ಪ್ಲಗ್ ಮೇಲೆ ಕಾಯಿಲ್ ಬದಲು ಉದ್ದ ಎಚ್‌ಟಿ ವೈರುಗಳಿರುವ ಹಳೇ ಕಾರಾದರೆ ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಲೈಟ್ ಆರಿಸಿ, ಮುಟ್ಟದೆ ನೋಡಿ. ಸೀಳಿದ ವೈರಿನಿಂದ ನೀಲಿ ಕಿಡಿ ಹಾರುವುದು ಬರಿಗಣ್ಣಿಗೇ ಕಾಣುತ್ತದೆ.

ಪ್ಲಗ್ ಮರಳಿ ಹಾಕುವಾಗ ಮೊದಲು ಬೆರಳಲ್ಲೇ ತಿರುಗಿಸಿ. ತಳ ಮುಟ್ಟಿದ ಮೇಲೆ ವಾಷರ್ ಇರುವ ಹೊಸ ಪ್ಲಗ್ಗಿಗೆ ಪಾನದಿಂದ ಸುಮಾರು ಅರ್ಧ ಸುತ್ತು, ಹಳೆಯದಕ್ಕೆ ತುಸುವೇ ಬಿಗಿ ಸಾಕು.

ನಮ್ಮ ನೆಲದ ಕಾರಣಗಳು

ಪ್ಲಗ್, ಕಾಯಿಲ್ ಎರಡೂ ಚೆನ್ನಾಗಿದ್ದರೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಗಂಗಾವತಿ, ಕಾರಟಗಿಯ ಭತ್ತದ ಗೋದಾಮು, ರೈಸ್ ಮಿಲ್ ಆಸುಪಾಸಿನಲ್ಲಿ ನಿಲ್ಲುವ ಗಾಡಿಯಾದರೆ ನನ್ನ ಮೊದಲ ಅನುಮಾನ ಇಲಿಯ ಮೇಲೆ. ಚಳಿಗೆ ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂತು ಇಂಜೆಕ್ಟರ್, ಕಾಯಿಲ್ ವೈರನ್ನು ಕಡಿದು ಹಾಕುತ್ತದೆ. ಹೊಟ್ಟು, ಹಿಕ್ಕೆ ಕಂಡರೆ ವೈರಿಂಗನ್ನು ಬೆರಳಲ್ಲಿ ಸವರುತ್ತ ಕೊನೆತನಕ ಪರೀಕ್ಷಿಸಿ. ಕೊಪ್ಪಳದಿಂದ ಗಿಣಿಗೇರಾ ಕಡೆಗಿನ ಕಾರ್ಖಾನೆಗಳ ಕರಿ ಧೂಳಿನಲ್ಲಿ, ಯಲಬುರ್ಗಾದ ಎರೆಮಣ್ಣಿನ ದಾರಿಗಳಲ್ಲಿ ದಿನಾ ಓಡುವವರು ಏರ್ ಫಿಲ್ಟರಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಕಾಯಬಾರದು, ಅದಕ್ಕಿಂತ ಬೇಗ ತೆಗೆದು ನೋಡಬೇಕು. ಕಾಲುವೆಯಲ್ಲೋ ಪೈಪಿನಲ್ಲೋ ಎಂಜಿನ್ ತೊಳೆದ ಮರುದಿನ ಮಿಸ್ಸಿಂಗ್ ಶುರುವಾಗಿದ್ದರೆ ಪ್ಲಗ್ ಗುಣಿಯಲ್ಲಿ ನೀರು ನಿಂತಿರುತ್ತದೆ. ಕಾಯಿಲ್ ತೆಗೆದು ಒಣಗಿಸಿದರೆ ಮುಗಿಯಿತು.

ನಿಂತಾಗ ನಡುಗಿ, ಓಡುವಾಗ ಸರಿಯಿದ್ದರೆ ಗಾಳಿಯ ಪೈಪ್ ಎಲ್ಲೋ ಸೀಳಿರಬಹುದು. ಕಿವಿಗೊಟ್ಟರೆ ಬುಸ್ಸೆನ್ನುವ ಸದ್ದು ಕೇಳುತ್ತದೆ. ನಿಂತಾಗ ಸರಿಯಿದ್ದು, ಕುಷ್ಟಗಿ ಹತ್ತಿರದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ ಹಿಂದಿಕ್ಕಲು ಒತ್ತಿದಾಗ ಮಾತ್ರ ಜರ್ಕ್ ಹೊಡೆದರೆ ಪೆಟ್ರೋಲ್ ಸಾಲದೆ ಇರಬಹುದು, ಇಲ್ಲವೇ ಕಾಯಿಲ್ ಬಳಲಿರಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕಿನ ನೀರನ್ನೂ ಅನುಮಾನಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಹೀರುವುದೂ ಅದನ್ನೇ.

ಡೀಸೆಲ್ ಬೊಲೆರೊ ಇರುವವರು ಏರ್ ಫಿಲ್ಟರ್ ನೋಡಿ, ಡೀಸೆಲ್ ಫಿಲ್ಟರಿನ ನೀರು ಬಸಿದು ಅಲ್ಲಿಗೇ ನಿಲ್ಲಿ. ಕಾಮನ್ ರೈಲ್ ಎಂಜಿನ್ನಿನ ಪೈಪಿನಲ್ಲಿ 1,000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ಪೆಟ್ರೋಲ್ ಕಾರಿನಲ್ಲಿ ಇಷ್ಟಾದರೂ ಅದೇ ಸಿಲಿಂಡರ್ ಸುಮ್ಮನಿದ್ದರೆ ಉಳಿದದ್ದು ಇಂಜೆಕ್ಟರ್ ಮತ್ತು ಕಂಪ್ರೆಷನ್. ಬೇಸಿಗೆಯಲ್ಲಿ ಒಮ್ಮೆ ಗಾಡಿ ಕಾದು ನಿಂತಿತ್ತೇ, ಕೂಲಂಟ್ ಇಳಿಯುತ್ತಿದೆಯೇ, ಬಿಳಿ ಹೊಗೆ ಬರುತ್ತಿದೆಯೇ ನೋಡಿ. ಹೌದಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ದೊಡ್ಡದು, ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಿ. ‘ಮೂರನೇ ಸಿಲಿಂಡರ್ ನಿಂತಿದೆ, ಪ್ಲಗ್, ಕಾಯಿಲ್ ಅದಲು ಬದಲು ಮಾಡಿ ನೋಡಿದೆ, ತಪ್ಪು ಅಲ್ಲೇ ಉಳಿಯಿತು, ಕಂಪ್ರೆಷನ್ ಗೇಜ್ ತನ್ನಿ’ ಎಂದು ಫೋನಿನಲ್ಲೇ ಹೇಳಿ.